ಹೆನ್ರಿಯ ಆರು ಹೆಂಡ್ತೀರಲ್ಲಿ ಯಾರಿಗೆ ಎಷ್ಟು ನಿಮಿಷ?

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸ್ತಿದೆ ತಾನೇ? ಸರಿ. (ಇದು ಮೊದಲು ಮಾತಾಡಿದ್ದು, ಆಮೇಲೆ ಬರೆದಿದ್ದು, ಹಾಗಾಗಿ ವಾಕ್ಯಗಳು ಎಲ್ಲೆಲ್ಲೋ ಹೋಗಿದ್ರೆ ಸಹಿಸ್ಕೊಳ್ಳಿ, ತಿದ್ದೋಕೆ ಕೂತ್ರೆ ಬೇರೆ ಏನೋ ಆಗ್ಬಿಡತ್ತೆ.)

1933ರಲ್ಲಿ ಇಂಗ್ಲೆಂಡಿನಿಂದ ಒಂದು ಸಿನಿಮಾ ಬಂತು, ‘ದ ಪ್ರೈವೇಟ್ ಲೈಫ್ ಆಫ್ ಹೆನ್ರಿ ದಿ ಎಯ್ಟ್ತ್’, ಹದಿನಾರನೇ ಶತಮಾನದ ಇಂಗ್ಲೆಂಡ್ ರಾಜ ಎಂಟನೇ ಹೆನ್ರಿ ಬಗ್ಗೆ, ನಿರ್ದೇಶಕ ಅಲೆಕ್ಸಾಂಡರ್ ಕೊರ್ಡಾ. ಅದು ಶುರುವಾಗುವಾಗ ಪರದೆ ಮೇಲೆ ಒಂದು ಬರಹ ಬರತ್ತೆ. ಈ ರಾಜನಿಗೆ ಆರು ಜನ ಹೆಂಡತಿಯರು, ಮೊದಲನೆಯವಳ ಕಥೆಲಿ ಅಂಥ ಸ್ವಾರಸ್ಯ ಏನಿಲ್ಲ, ಮರ್ಯಾದಸ್ಥ ಹೆಂಗಸು, ಅದಕ್ಕೇ ರಾಜ ಅವಳನ್ನ ಬಿಟ್ಟ, ಅಂತ ಹೆಚ್ಚುಕಮ್ಮಿ ಇದೇ ಅರ್ಥದ ಮಾತು. ತಮಾಷೆಗೇ ಬರೆದಿರೋದು, ಒಪ್ಕೋತೀನಿ, ನಗೂನೂ ಬರತ್ತೆ. ಆದ್ರೆ ಈಗ ಲೆಕ್ಕ ಹಾಕಿ. ಆ ಮೊದಲನೆಯವಳು ಕ್ಯಾಥರೀನ್ ಆಫ್ ಅರಗಾನ್, ಮದುವೆ 1509ರ ಜೂನ್‌ನಲ್ಲಿ, ಆ ಮದುವೆ ಮದುವೇನೇ ಅಲ್ಲ ಅಂತ ಆರ್ಚ್‌ಬಿಷಪ್ ಕ್ರಾನ್ಮರ್ ತೀರ್ಪು ಕೊಟ್ಟಿದ್ದು 1533ರ ಮೇ ತಿಂಗಳಲ್ಲಿ, ಅಂದ್ರೆ ಇಪ್ಪತ್ನಾಲ್ಕು ವರ್ಷಕ್ಕೆ ಕೆಲವೇ ವಾರ ಕಮ್ಮಿ. ಉಳಿದ ಐದೂ ಜನರ ಸಂಸಾರ ಕೂಡಿಸಿದ್ರೆ ಹತ್ತು ವರ್ಷ ಚಿಲ್ಲರೆ, ಅಷ್ಟೇ. ಆ್ಯನ್ ಬೊಲಿನ್ ಮೂರು ವರ್ಷದ ಮೇಲೆ ಸ್ವಲ್ಪ, ಜೇನ್ ಸೀಮೋರ್ ಒಂದೂವರೆ ವರ್ಷನೂ ಇಲ್ಲ, ಆ್ಯನ್ ಆಫ್ ಕ್ಲೀವ್ಸ್ ಆರು ತಿಂಗಳು, ಕ್ಯಾಥರೀನ್ ಹವರ್ಡ್ ಒಂದೂವರೆ ವರ್ಷ, ಕೊನೆಯವಳು ಕ್ಯಾಥರೀನ್ ಪಾರ್ ಮೂರೂವರೆ.

ನಾನು ಇವತ್ತು ಹೇಳೋಕೆ ಬಂದಿರೋದು ಇದೊಂದೇ ವಿಷಯ. ನಾವು ‘ಆರು ಹೆಂಡತಿಯರ ರಾಜ’ ಅಂತ ನೋಡ್ತಿರೋ ಕಥೆ ಅಸಲಿಗೆ ಒಂದು ಉದ್ದದ ಸಂಸಾರ, ಅದಾದ್ಮೇಲೆ ಹತ್ತು ವರ್ಷದ ಗಡಿಬಿಡಿ. ತೆರೆ ಮೇಲೆ ಮಾತ್ರ ಆ ಗಡಿಬಿಡಿನೇ ಪೂರ್ತಿ ಕಥೆ, ಉದ್ದದ ಸಂಸಾರ ಬರೀ ಪೀಠಿಕೆ. ಹೀಗೆ ನಿಮಿಷ ಹಂಚೋದ್ರಿಂದ ರಾಣಿಯರಿಗೆ ಅನ್ಯಾಯ ಆಗತ್ತೆ ಅನ್ನೋದು ಒಂದು ಕಡೆ, ಇನ್ನೊಂದು ಕಡೆ ರಾಜನೇ ಬೇರೆ ಮನುಷ್ಯ ಆಗ್ಬಿಡ್ತಾನೆ.

ಮೊದಲು, ಯಾಕೆ ಇವನ ಕಥೆನೇ ಮತ್ತೆ ಮತ್ತೆ ಬರತ್ತೆ? ತುಂಬಾ ಹೆಂಡತಿಯರಿದ್ದ ರಾಜರಿಗೆ ನಮ್ಮಲ್ಲೇನು ಬರವಾ? ನೋಡಿ, ಹೆನ್ರಿ ಪಟ್ಟಕ್ಕೆ ಬಂದಿದ್ದು 1509ರಲ್ಲಿ, ಅದೇ ವರ್ಷ ಇಲ್ಲಿ ವಿಜಯನಗರದಲ್ಲಿ ಪಟ್ಟಕ್ಕೆ ಬಂದಿದ್ದು ಕೃಷ್ಣದೇವರಾಯ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿರೋ ಪ್ರಕಾರ ರಾಯರಿಗೆ ಹನ್ನೆರಡು ಜನ ರಾಣಿಯರು, ಅದ್ರಲ್ಲಿ ಮೂವರು ಮುಖ್ಯ. ಸಂಖ್ಯೆ ನೋಡಿದ್ರೆ ಹೆನ್ರಿಗಿಂತ ಡಬಲ್! ಆದ್ರೆ ಅದು ಯಾರಿಗೂ ಹಗರಣ ಅನ್ನಿಸ್ಲಿಲ್ಲ, ಯಾಕಂದ್ರೆ ಎಲ್ಲರೂ ಒಂದೇ ಕಾಲಕ್ಕೆ ರಾಣಿಯರು, ಹೊಸಬಳು ಬಂದ್ರೆ ಹಳಬಳು ಅರಮನೆ ಬಿಡಬೇಕಾಗಿಲ್ಲ. ನಮ್ಮ ರಾಜರ ಸಿನಿಮಾದಲ್ಲಿ ಜಗಳ ಏನಿದ್ರೂ ಸವತಿ ಮತ್ಸರದ್ದು, ಒಂದೇ ಅಂತಃಪುರದೊಳಗಿನದ್ದು. ಹೆನ್ರಿ ವಿಷಯ ಹಾಗಲ್ಲ. ಚರ್ಚಿನ ಕಾನೂನಲ್ಲಿ ಒಂದು ಸಲಕ್ಕೆ ಒಬ್ಬಳೇ ಹೆಂಡತಿ. ಆದ್ರಿಂದ ಪ್ರತಿ ಹೊಸ ಮದುವೆಗೂ ಮುಂಚೆ ಹಿಂದಿನ ಮದುವೆ ಮುಗೀಲೇಬೇಕು, ಕೋರ್ಟಲ್ಲಾದ್ರೂ ಸರಿ, ಹೆರಿಗೆ ಕೋಣೆಲಾದ್ರೂ ಸರಿ, ಕತ್ತಿ ಬಾಯಲ್ಲಾದ್ರೂ ಸರಿ. ಸೀರಿಯಲ್ ಬರೆಯೋರಿಗೆ ಇದಕ್ಕಿಂತ ಏನು ಬೇಕು ಹೇಳಿ, ಪ್ರತಿ ಎಪಿಸೋಡಿಗೂ ಒಂದು ಅಂತ್ಯ ಕಾನೂನೇ ಬರೆದು ಕೊಟ್ಟಿದೆ.

ಈಗ 1933ಕ್ಕೆ ವಾಪಸ್. ಚಾರ್ಲ್ಸ್ ಲಾಟನ್ ಹೆನ್ರಿ ಆಗಿದ್ದು. ಕಾಲು ಅಗಲಿಸಿ, ಕೈ ಸೊಂಟದ ಹತ್ರ ಇಟ್ಟು, ನೇರ ನಿಮ್ಮನ್ನೇ ದುರುಗುಟ್ಟೋ ಆ ಭಂಗಿ ಇದೆಯಲ್ಲ, ಅದು ಲಾಟನ್ ಕಂಡುಹಿಡಿದಿದ್ದಲ್ಲ, ಚಿತ್ರಗಾರ ಹಾನ್ಸ್ ಹೋಲ್ಬೈನ್ 1537ರಲ್ಲಿ ವೈಟ್‌ಹಾಲ್ ಅರಮನೆ ಗೋಡೆ ಮೇಲೆ ಬರೆದಿದ್ದು, ಆ ಗೋಡೆ 1698ರ ಬೆಂಕಿಲಿ ಸುಟ್ಟುಹೋಯ್ತು, ಆದ್ರೆ ಪ್ರತಿಗಳು ಉಳ್ಕೊಂಡ್ವು. ಆಮೇಲೆ ಬಂದ ಎಷ್ಟೋ ನಟರು ಒಂದಲ್ಲ ಒಂದು ಸೀನಲ್ಲಿ ಹಾಗೇ ನಿಂತಿದಾರೆ. ಇನ್ನು ಕೋಳಿ ತಿನ್ನೋ ಸೀನ್. ಲಾಟನ್ ಕೈಯಲ್ಲೇ ಕೋಳಿ ಹರಿದು, ತಿಂದು, ಮೂಳೆನ ಹೆಗಲ ಮೇಲಿಂದ ಹಿಂದಕ್ಕೆ ಎಸೀತಾನೆ. ಜನಕ್ಕೆ ಇವತ್ತಿಗೂ ಹೆನ್ರಿ ಅಂದ್ರೆ ಅದೇ. ಟ್ಯೂಡರ್ ಕಾಲದ, ಅಂದ್ರೆ ಹೆನ್ರಿ ವಂಶದವರು ಆಳ್ತಿದ್ದ ಕಾಲದ ದೊಡ್ಡಮನೆಗಳಲ್ಲಿ ಊಟದ ರೀತಿ ರಿವಾಜು ಎಷ್ಟು ಬಿಗಿ ಇತ್ತು ಅಂದ್ರೆ ಹಾಗೆ ಮೂಳೆ ಎಸೆದ್ರೆ ಪಕ್ಕದಲ್ಲಿದ್ದೋರಿಗೆ ಎದೆ ಒಡೆದು ಹೋಗ್ತಿತ್ತು. ಲಾಟನ್‌ಗೆ ಆಸ್ಕರ್ ಬಂತು. ಕೋಳಿ ಹೆನ್ರಿಗೆ ಅಂಟ್ಕೊಳ್ತು.

ಆ ಸಿನಿಮಾ ಶುರುವಾಗೋದೇ ಆ್ಯನ್ ಬೊಲಿನ್ ತಲೆ ಕಡಿಯೋ ದಿನ, 1536ರ ಮೇ 19. ಆಕೆ ತೆರೆ ಮೇಲಿರೋದು ಕೆಲವೇ ನಿಮಿಷ, ಆ ಪಾತ್ರ ಮಾಡಿದ್ದು ಮರ್ಲ್ ಒಬೆರಾನ್. ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಈ ಮರ್ಲ್ ಒಬೆರಾನ್ ಹುಟ್ಟಿದ್ದು 1911ರಲ್ಲಿ ಬಾಂಬೆಲಿ, ಬೆಳೆದಿದ್ದು ಕಲ್ಕತ್ತಾದಲ್ಲಿ, ಆಂಗ್ಲೋ ಇಂಡಿಯನ್ ಹುಡುಗಿ. ಸಿನಿಮಾದವರು ಹೊರಗೆ ಹೇಳಿದ್ದು ಏನಂದ್ರೆ ಆಕೆ ಆಸ್ಟ್ರೇಲಿಯಾದ ಟಾಸ್ಮೇನಿಯಾದವಳು ಅಂತ, ಆ ದೂರದ ದ್ವೀಪಕ್ಕೆ ಹೋಗಿ ಯಾರು ವಿಚಾರಿಸ್ತಾರೆ! ಬದುಕಿಡೀ ಆಕೆ ಆ ಸುಳ್ಳನ್ನ ಹೊತ್ತಳು, ಕೊರ್ಡಾನನ್ನೇ ಮದುವೆ ಆದಳು, ಹಾಲಿವುಡ್‌ಗೆ ಹೋದಳು, ನಿಜ ಪೂರ್ತಿ ಹೊರಗೆ ಬಂದಿದ್ದು 1979ರಲ್ಲಿ ಆಕೆ ತೀರ್ಕೊಂಡ ಮೇಲೆ. ಈಗ 2021ಕ್ಕೆ ಬನ್ನಿ. ಬ್ರಿಟನ್ನಿನ ಚಾನೆಲ್ ಫೈವ್‌ನಲ್ಲಿ ‘ಆ್ಯನ್ ಬೊಲಿನ್’ ಅಂತ ಮೂರು ಕಂತಿನ ಸೀರೀಸ್, ಆ್ಯನ್ ಆಗಿ ಜೋಡಿ ಟರ್ನರ್ ಸ್ಮಿತ್, ಕಪ್ಪು ನಟಿ. ಏನು ಗಲಾಟೆ ಅಂತೀರಾ, ಇತಿಹಾಸ ಕೆಟ್ಟುಹೋಯ್ತು, ಬಿಳಿ ರಾಣಿನ ಹೀಗೆ ತೋರಿಸಬಹುದಾ ಅಂತ. ಅಲ್ಲ ಸ್ವಾಮಿ, ಟಾಕಿ ಕಾಲದಲ್ಲಿ ಜಗತ್ತೆಲ್ಲ ನೋಡಿ ಮೆಚ್ಚಿದ ಆ್ಯನ್ ಬೊಲಿನ್ ಬಾಂಬೆಯವಳು! ಅವಳನ್ನ ಒಪ್ಕೊಂಡಿದ್ದು ಗೊತ್ತಿಲ್ದೇ ಇದ್ದಿದ್ದಕ್ಕೆ, ಅಷ್ಟೇ. ಆ ಸೀರೀಸ್ ನನಗೆ ಅಷ್ಟೇನೂ ಹಿಡಿಸ್ಲಿಲ್ಲ, ಬರವಣಿಗೆ ತೆಳು, ಆದ್ರೆ ಅದು ಬೇರೆ ಮಾತು.

ಆ್ಯನ್ ವಿಷಯಕ್ಕೆ ಬಂದ್ರೆ ಆಕೆಗೆ ಯಾವತ್ತೂ ನಿಮಿಷಕ್ಕೆ ಕೊರತೆ ಇಲ್ಲ. 1920ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಲುಬಿಚ್ ಮೂಕಿ ಸಿನಿಮಾ ಮಾಡಿದ್ದು ಆಕೆ ಮೇಲೆ, 1969ರಲ್ಲಿ ‘ಆ್ಯನ್ ಆಫ್ ದ ಥೌಸಂಡ್ ಡೇಸ್’ ಬಂತು, ರಿಚರ್ಡ್ ಬರ್ಟನ್, ಜೆನೆವೀವ್ ಬುಜೋಲ್ಡ್. ಬುಜೋಲ್ಡ್ ನೋಡ್ಬೇಕು ನೀವು, ಆಳು ಸಣ್ಣಗಿದ್ರೂ ಬರ್ಟನ್‌ನಂಥ ಬರ್ಟನ್ನನ್ನೇ ಮೂಲೆಗೆ ತಳ್ತಾಳೆ. ಆ ಸಿನಿಮಾದ ಕೊನೆಲಿ ಹೆನ್ರಿ ಟವರ್ ಜೈಲಿಗೆ ಬಂದು ಆಕೆ ಜೊತೆ ಮಾತಾಡ್ತಾನೆ, ಆಕೆ ನನ್ನ ಮಗಳು ಎಲಿಜಬೆತ್ ರಾಣಿ ಆಗ್ತಾಳೆ ನೋಡ್ತಿರು ಅಂತ ಸವಾಲ್ ಹಾಕ್ತಾಳೆ. ಚಪ್ಪಾಳೆ ಹೊಡೆಯೋ ಸೀನು, ಆದ್ರೆ ನಡೆದಿದ್ದಲ್ಲ, ಹೆನ್ರಿ ಆ ಕಡೆ ತಲೆನೂ ಹಾಕ್ಲಿಲ್ಲ. ನಿಜವಾಗಿ ನಡೆದಿದ್ದು ಟವರಿನ ಅಧಿಕಾರಿ ಕಿಂಗ್ಸ್‌ಟನ್ ಬರೆದ ಪತ್ರದಲ್ಲಿದೆ. ತಲೆ ಕಡಿಯೋನು ಒಳ್ಳೆ ಕೈ ಇರೋನಂತೆ, ನನ್ನ ಕತ್ತೂ ಸಣ್ಣದು ಅಂತ ಆಕೆ ಕುತ್ತಿಗೆಗೆ ಕೈ ಇಟ್ಕೊಂಡು ಜೋರಾಗಿ ನಕ್ಕಳಂತೆ. ಆ ನಗು ಭಯದ್ದೋ ಹುಚ್ಚೋ ಧೈರ್ಯನೋ ಯಾರಿಗೆ ಗೊತ್ತು. ಬರೆದ ಸವಾಲಿಗಿಂತ ಇದು ನೂರು ಪಾಲು ಮೇಲು ಅಂತ ನನಗೆ ಅನ್ಸತ್ತೆ.

ಇನ್ನೊಂದು ಮಾತು, ಈ ಸಿನಿಮಾಗಳಿಗೆ ಅರಮನೆ ಒಳಗಿನ ಸಂಗತಿ ಎಲ್ಲಿಂದ ಸಿಗತ್ತೆ? ಬಹಳಷ್ಟು ಸಿಗೋದು ಶಾಪುಯಿ ಅನ್ನೋ ರಾಯಭಾರಿ ಪತ್ರಗಳಿಂದ. ಅವನು ಚಕ್ರವರ್ತಿ ಐದನೇ ಚಾರ್ಲ್ಸ್‌ನ ಕಡೆಯವನು, ಆ ಚಾರ್ಲ್ಸ್ ಕ್ಯಾಥರೀನ್‌ಳ ಅಕ್ಕನ ಮಗ. ಶಾಪುಯಿಗೆ ಆ್ಯನ್ ಕಂಡ್ರೆ ಆಗ್ತಿರ್ಲಿಲ್ಲ, ರಾಣಿ ಅಂತ ಬರೆಯೋ ಬದಲು ಇಟ್ಟುಕೊಂಡವಳು ಅಂತ ಬರೀತಿದ್ದ. ಆ್ಯನ್ ಬಗ್ಗೆ ನಾವು ತೆರೆ ಮೇಲೆ ನೋಡೋ ಎಷ್ಟೋ ಸಿಟ್ಟು ಸೆಡವು ಶತ್ರು ಬರೆದಿಟ್ಟಿದ್ದು, ಇದನ್ನ ನೆನಪಲ್ಲಿ ಇಟ್ಕೊಂಡು ನೋಡ್ಬೇಕು.

ಈಗ ನಿಮಿಷಗಳನ್ನ ಸರಿಯಾಗಿ ಹಂಚಿದವರ ಬಗ್ಗೆ. 1970ರ ಜನವರಿಲಿ ಬಿಬಿಸಿ ‘ದ ಸಿಕ್ಸ್ ವೈವ್ಸ್ ಆಫ್ ಹೆನ್ರಿ ದಿ ಎಯ್ಟ್ತ್’ ಶುರು ಮಾಡ್ತು. (ನಮ್ಮಲ್ಲಿ ಪಂತುಲು ಅವರ ‘ಶ್ರೀ ಕೃಷ್ಣದೇವರಾಯ’ ಬಂದಿದ್ದೂ ಅದೇ 1970ರಲ್ಲೇ, ರಾಜಕುಮಾರ್ ರಾಯರಾಗಿ.) ಬಿಬಿಸಿಯವರ ಉಪಾಯ ತುಂಬಾ ಸರಳ. ಆರು ಕಂತು, ಒಂದೊಂದೂ ಒಂದೂವರೆ ಗಂಟೆ, ಒಬ್ಬೊಬ್ಬ ರಾಣಿಗೆ ಒಂದೊಂದು, ಒಂದೊಂದಕ್ಕೂ ಬೇರೆ ಬೇರೆ ಬರಹಗಾರ, ರಾಜ ಮಾತ್ರ ಒಬ್ಬನೇ, ಕೀತ್ ಮಿಚೆಲ್ ಅನ್ನೋ ಆಸ್ಟ್ರೇಲಿಯಾದ ನಟ. ಇದರಿಂದ ಏನಾಯ್ತು ಅಂದ್ರೆ, ಕ್ಯಾಮೆರಾ ಪ್ರತಿ ವಾರ ಬೇರೆ ಹೆಂಗಸಿನ ಕೋಣೆಲಿ ಕೂತಿರತ್ತೆ, ರಾಜ ಬಾಗಿಲು ತೆಗೆದು ಒಳಗೆ ಬರೋನು. ಮೊದಲ ವಾರ ಬಂದವನು ತೆಳ್ಳಗಿನ, ಹಾಡೋ, ಕುಣಿಯೋ ಹುಡುಗ. ಕೊನೇ ವಾರ ಬರೋ ಹೊತ್ತಿಗೆ ಕಾಲು ಹುಣ್ಣಾಗಿ ಕೊಳೀತಿರೋ ದಢೂತಿ. ನಟ ಒಬ್ಬನೇ. ಅವನು ಇವನಾಗಿದ್ದು ಹೇಗೆ ಅಂತ ನಮ್ಮ ಕಣ್ಣೆದುರಿಗೇ ಆಗತ್ತೆ, ಬರೀ ಮೇಕಪ್ಪಿಂದ ಅಲ್ಲ.

ಪೂರ್ತಿ ಸ್ಟುಡಿಯೋದಲ್ಲಿ ತೆಗೆದಿರೋದು, ಸೆಟ್ಟು ಅಲ್ಲಾಡಿದ್ರೂ ಗೊತ್ತಾಗತ್ತೆ, ಹೊರಗಿನ ದೃಶ್ಯ ಇಲ್ವೇ ಇಲ್ಲ ಅನ್ನಬಹುದು, ಇವತ್ತಿನ ಕಣ್ಣಿಗೆ ನಾಟಕ ನೋಡಿದ ಹಾಗೆ ಇರತ್ತೆ. ಇರ್ಲಿ. ಮೊದಲ ಕಂತಲ್ಲಿ ಕ್ಯಾಥರೀನ್ ಆಫ್ ಅರಗಾನ್ ಆಗಿ ಆನೆಟ್ ಕ್ರಾಸ್ಬಿ ಮಾಡಿರೋದನ್ನ ನೋಡಿದ್ರೆ, ಕೊರ್ಡಾ ಹೇಳಿದ ‘ಸ್ವಾರಸ್ಯ ಇಲ್ಲದ ಕಥೆ’ ಏನು ಅಂತ ಗೊತ್ತಾಗತ್ತೆ.

ಕಥೆ ಹೇಳ್ತೀನಿ ಕೇಳಿ. ಸ್ಪೇನ್‌ನಿಂದ ಹದಿನೈದು ವರ್ಷದ ಹುಡುಗಿ ಬರ್ತಾಳೆ, 1501ರಲ್ಲಿ ಇಂಗ್ಲೆಂಡಿನ ದೊಡ್ಡ ರಾಜಕುಮಾರ ಆರ್ಥರ್ ಜೊತೆ ಮದುವೆ, ಐದು ತಿಂಗಳಲ್ಲಿ ಅವನು ಸತ್ತ. ಮಾವ ವರದಕ್ಷಿಣೆ ಚೌಕಾಸಿಲಿ ಆಕೆನ ಏಳು ವರ್ಷ ಹಾಗೇ ಇಟ್ಕೊಂಡ, ಅತ್ತ ಕಳಿಸ್ಲೂ ಇಲ್ಲ ಇತ್ತ ಸರಿಯಾಗಿ ಖರ್ಚಿಗೆ ಕೊಡ್ಲೂ ಇಲ್ಲ. ಮಾವ ಸತ್ತ ಮೇಲೆ ಮೈದುನ ಹೆನ್ರಿ ಅತ್ತಿಗೆನ ಮದುವೆ ಆದ, ಪೋಪ್ ಒಪ್ಪಿಗೆ ಮೊದಲೇ ಬಂದಿತ್ತು. 1511ರ ಹೊಸ ವರ್ಷದ ದಿನ ಗಂಡುಮಗು, ಊರೆಲ್ಲ ಹಬ್ಬ, ಎರಡು ತಿಂಗಳು ತುಂಬೋ ಮೊದಲೇ ಮಗು ಹೋಯ್ತು. ಮತ್ತೆ ಮತ್ತೆ ಬಸುರು, ಉಳಿದಿದ್ದು ಒಬ್ಬಳೇ ಮಗಳು ಮೇರಿ, 1516. ನಡುವೆ 1513ರಲ್ಲಿ ಹೆನ್ರಿ ಫ್ರಾನ್ಸ್ ಮೇಲೆ ಯುದ್ಧಕ್ಕೆ ಹೋದಾಗ ರಾಜ್ಯ ನಡೆಸಿದ್ದು ಆಕೆ, ಆಗಲೇ ಸ್ಕಾಟ್ಲೆಂಡ್ ಮೇಲೆ ಬಿತ್ತು, ಫ್ಲಾಡನ್‌ನಲ್ಲಿ ಸ್ಕಾಟ್ ರಾಜ ನಾಲ್ಕನೇ ಜೇಮ್ಸ್ ಸತ್ತ, ಅವನ ರಕ್ತದ ಅಂಗಿನ ಆಕೆ ಗಂಡನಿಗೆ ಕಳಿಸಿಕೊಟ್ಟಳು. ಇವಳು ಸ್ವಾರಸ್ಯ ಇಲ್ಲದವಳು!

ಮತ್ತೆ ಬ್ಲ್ಯಾಕ್‌ಫ್ರಯರ್ಸ್ ಕೋರ್ಟು, 1529ರ ಜೂನ್, ಈ ಮದುವೆ ಸರಿಯೋ ಅಲ್ವೋ ಅನ್ನೋ ವಿಚಾರಣೆ. ಅಣ್ಣನ ಹೆಂಡತಿನ ಮದುವೆ ಆಗಿದ್ದು ಪಾಪ, ಅದಕ್ಕೇ ಗಂಡು ಸಂತಾನ ಇಲ್ಲ ಅನ್ನೋದು ಹೆನ್ರಿ ವಾದ, ಹಿಂದೆ ನಿಂತಿರೋದು ಆ್ಯನ್ ಮೇಲಿನ ಮೋಹ. ರಾಣಿ ಹೆಸರು ಕೂಗಿದಾಗ ಆಕೆ ಜಡ್ಜುಗಳ ಮುಖ ನೋಡ್ಲಿಲ್ಲ, ನೇರ ಗಂಡನ ಹತ್ರ ನಡೆದು ಮಂಡಿ ಊರಿದಳು. ನೀನು ಕೈ ಹಿಡಿದಾಗ ನಾನು ಕನ್ಯೆ ಆಗಿದ್ದೆ, ಹೌದೋ ಅಲ್ವೋ ನಿನ್ನ ಮನಸ್ಸಾಕ್ಷಿಗೇ ಬಿಟ್ಟಿದ್ದೀನಿ ಅಂದಳು, ಎದ್ದಳು, ಹೊರಟೇಬಿಟ್ಟಳು. ಹಿಂದಿನಿಂದ ಕೂಗ್ತಿದಾರೆ, ತಿರುಗಿ ನೋಡ್ಲಿಲ್ಲ. ರಾಜನ ಮುಖ್ಯ ಮಂತ್ರಿ ಆಗಿದ್ದ ಕಾರ್ಡಿನಲ್ ವೂಲ್ಸಿ ಹತ್ರ ಕೆಲಸಕ್ಕಿದ್ದ ಕ್ಯಾವೆಂಡಿಶ್ ಇದನ್ನ ಬರೆದಿಟ್ಟ, ಷೇಕ್ಸ್‌ಪಿಯರ್ ಕಾಲದ ನಾಟಕಕ್ಕೂ ಈ ಸೀನ್ ಬಂತು. ಕ್ಯಾಥರೀನ್‌ನ ತೆರೆಗೆ ತಂದವರಲ್ಲಿ ಈ ಸೀನ್ ಬಿಟ್ಟವರು ಕಮ್ಮಿ. ಆದ್ರೆ ಅಷ್ಟೇ ತಂದ್ರೆ ಆಕೆ ಬರೀ ಹಳೆ ಹೆಂಡ್ತಿ, ಕಪ್ಪು ಬಟ್ಟೆ ಹಾಕ್ಕೊಂಡು ಅಳೋಳು. ಹಿಂದಿನ ಇಪ್ಪತ್ತು ವರ್ಷ ನೋಡಿದ್ದೋರಿಗೆ ಮಾತ್ರ ಆಕೆ ಯಾರ ಮುಂದೆ ಮಂಡಿ ಊರಿದಳು ಅನ್ನೋದು ಗೊತ್ತು.

‘ದ ಟ್ಯೂಡರ್ಸ್’ ಬಗ್ಗೆ ಹೇಳ್ದೇ ಹೋದ್ರೆ ಇಲ್ಲಿರೋ ಹುಡುಗ್ರು ಬಿಡಲ್ಲ. 2007ರಿಂದ 2010, ನಾಲ್ಕು ಸೀಸನ್, ಜೊನಾಥನ್ ರೀಸ್ ಮೈಯರ್ಸ್. ಹೆನ್ರಿ ಆರಡಿ ಎರಡಿಂಚು, ಕೆಂಚು ಕೂದಲು, ಕೊನೆಗಾಲದ ಕವಚ ನೋಡಿದ್ರೆ ಸೊಂಟ ಐವತ್ತು ಇಂಚಿನ ಮೇಲೆ. ಈ ಹೀರೋ ಕಪ್ಪು ಕೂದಲು, ಕೊನೆವರೆಗೂ ಸ್ಲಿಮ್ಮು. ಬೈಯೋರು ಬೈತಾರೆ, ನಾನು ಪೂರ್ತಿ ಬೈಯಲ್ಲ. ಯಾಕಂದ್ರೆ ಹುಡುಗಾಟದ ವಯಸ್ಸಿನ ಹೆನ್ರಿ ನಿಜಕ್ಕೂ ಚೆಲುವ ಇದ್ದ, ಯುರೋಪಿನ ರಾಯಭಾರಿಗಳೇ ಹೊಗಳಿ ಬರೆದಿದಾರೆ, ಲಾಟನ್ ಆದ್ಮೇಲೆ ಅದನ್ನ ಜನ ಮರೆತಿದ್ರು. ಮತ್ತೆ ಇಲ್ಲಿ ಕ್ಯಾಥರೀನ್ ಆಗಿ ಮರಿಯಾ ಡೋಯ್ಲ್ ಕೆನಡಿ, ಆ್ಯನ್ ಆಗಿ ನಟಾಲಿ ಡಾರ್ಮರ್, ಇಬ್ಬರೂ ಭರ್ಜರಿ. ತೊಂದರೆ ಏನಂದ್ರೆ ತೆಳ್ಳಗಿರೋ ಹೆನ್ರಿನ ನೋಡಿದ್ರೆ, ಹದಿಹರೆಯದ ಕ್ಯಾಥರೀನ್ ಹವರ್ಡ್ ಜೊತೆ ಅವನ ಮದುವೆಲಿ ಅಸಹ್ಯ ಆಗಬೇಕಾದಷ್ಟು ಅಸಹ್ಯ ಆಗಲ್ಲ. ನಲವತ್ತೊಂಬತ್ತು ವರ್ಷದ, ಕಾಲು ಹುಣ್ಣಾಗಿರೋ, ವಾಸನೆ ಹೊಡೆಯೋ ಮನುಷ್ಯ ಅವನು. ಆ ಹುಡುಗಿ ಆಗ ಹದಿನೇಳೋ ಹದಿನೆಂಟೋ ಇರಬಹುದು. 1542ರ ಫೆಬ್ರವರಿಲಿ ತಲೆ ಹೋಯ್ತು. ಚೆಲುವನನ್ನ ಹಾಕಿದ್ರೆ ಅದು ಪ್ರೇಮಕಥೆ ಕೆಟ್ಟುಹೋದ ಹಾಗೆ ಕಾಣತ್ತೆ, ಅದಲ್ಲ ಅದು.

‘ವುಲ್ಫ್ ಹಾಲ್’ ಬೇರೆ ದಾರಿ ಹಿಡೀತು, 2015, ಹಿಲರಿ ಮ್ಯಾಂಟೆಲ್ ಕಾದಂಬರಿಗಳಿಂದ. ಅಲ್ಲಿ ಕ್ಯಾಮೆರಾ ರಾಣಿ ಕೋಣೆಲೂ ಇಲ್ಲ ರಾಜನ ಕೋಣೆಲೂ ಇಲ್ಲ, ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೆಗಲ ಹಿಂದೆ. ಕ್ರಾಮ್‌ವೆಲ್ ಆಗಿರೋ ಮಾರ್ಕ್ ರೈಲನ್ಸ್ ಮಾತೇ ಆಡಲ್ಲ, ನೋಡ್ತಾನೆ ಅಷ್ಟೇ. ರಾತ್ರಿ ಸೀನುಗಳು ಮೇಣದಬತ್ತಿ ಬೆಳಕಲ್ಲೇ ತೆಗೆದಿದ್ದು, ಕತ್ತಲಪ್ಪಾ ಏನೂ ಕಾಣಲ್ಲ ಅಂತ ಜನ ಗೊಣಗಿದ್ರು. ಆದ್ರೆ ರಾಣಿನ ಇಳಿಸೋದು ಅನ್ನೋದು ಆಫೀಸು ಕೆಲಸ, ಸಾಕ್ಷಿ, ಸಹಿ, ಕಾಗದ ಪತ್ರ, ಅನ್ನೋದನ್ನ ಇದರಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸಿಲ್ಲ. ಮೊದಲ ಸೀರೀಸ್ ಕೊನೆಲಿ ಆ್ಯನ್ ತಲೆ ಬಿದ್ದಿದೆ, ಕ್ರಾಮ್‌ವೆಲ್ ವಾಪಸ್ ಬರ್ತಾನೆ, ಹೆನ್ರಿ ಆಗಿರೋ ಡೇಮಿಯನ್ ಲೂಯಿಸ್ ಎರಡೂ ಕೈ ಚಾಚಿ ತಬ್ಕೋತಾನೆ, ಕ್ರಾಮ್‌ವೆಲ್ ಮುಖ ನೋಡಿ ನಮಗೆ ಬೆವರು. ಹೆನ್ರಿ ಕ್ಯಾಥರೀನ್ ಹವರ್ಡ್‌ನ ಮದುವೆ ಆದ ದಿನವೇ, 1540ರ ಜುಲೈ 28, ಈ ಕ್ರಾಮ್‌ವೆಲ್ ತಲೆನೂ ಹೋಯ್ತು.

ಅವನು ಕೆಟ್ಟಿದ್ದಕ್ಕೆ ಒಂದು ಕಾರಣ ಆ್ಯನ್ ಆಫ್ ಕ್ಲೀವ್ಸ್ ಮದುವೆ. ಸಂಬಂಧ ಕುದುರಿಸಿದ್ದು ಅವನೇ. ಹೋಲ್ಬೈನ್ ಬರೆದ ಚಿತ್ರ ನೋಡಿ ಹೆನ್ರಿ ಒಪ್ಕೊಂಡಿದ್ದು, ನಮ್ಮ ಕಡೆ ಬ್ರೋಕರ್ ತಂದ ಫೋಟೋ ನೋಡಿ ಹೂಂ ಅಂದ ಹಾಗೆ. ತೆರೆ ಮೇಲೆ ಈಕೆ ಎಷ್ಟೋ ಸಲ ಕಾಮಿಡಿ. ಕೊರ್ಡಾ ಸಿನಿಮಾದಲ್ಲಿ ಲಾಟನ್‌ನ ನಿಜ ಜೀವನದ ಹೆಂಡತಿ ಎಲ್ಸಾ ಲ್ಯಾಂಚೆಸ್ಟರ್ ಈ ಪಾತ್ರ ಮಾಡಿ ಮುಖ ಸೊಟ್ಟ ಮಾಡಿ ಮಾಡಿ ನಗಿಸ್ತಾಳೆ, ಮೊದಲ ರಾತ್ರಿ ಇಸ್ಪೀಟಾಡಿ ರಾಜನ್ನ ಸೋಲಿಸ್ತಾಳೆ. ಆದ್ರೆ ನಡೆದಿದ್ದೇನು ಗೊತ್ತಾ? 1540ರ ಹೊಸ ವರ್ಷದ ದಿನ ರಾಚೆಸ್ಟರ್‌ನಲ್ಲಿ ಆಕೆ ಕಿಟಕಿ ಹತ್ರ ನಿಂತು ಹೊರಗೆ ಏನೋ ಆಟ ನೋಡ್ತಿದ್ದಳು, ಹೆನ್ರಿ ವೇಷ ಮರೆಸಿಕೊಂಡು ಹೋಗಿ ಆಕೆನ ಹಿಡಿದು ಮುತ್ತಿಟ್ಟ. ಯಾರೋ ಅಪರಿಚಿತ ದಪ್ಪನೆಯ ಮುದುಕ ಮೈಮೇಲೆ ಬಂದ್ರೆ ಯಾವ ಹೆಣ್ಣುಮಗಳು ತಾನೇ ಏನು ಮಾಡ್ತಾಳೆ, ಆಕೆ ಮುಖ ತಿರುಗಿಸಿ ಮತ್ತೆ ಕಿಟಕಿ ಕಡೆ ನೋಡಿದಳು. ಆಮೇಲೆ ಅವನು ಆಕೆ ಚೆನ್ನಾಗಿಲ್ಲ ಅಂದ! ನನ್ನ ಕೇಳಿದ್ರೆ ಅವತ್ತು ಅವನಿಗೆ ಕಂಡಿದ್ದು ಅವನದೇ ಮುಖ. ಕುದುರೆ ಮುಖದವಳು ಅಂತ ಅವನು ಬೈದ ಅನ್ನೋ ಮಾತು ನೂರಕ್ಕೂ ಹೆಚ್ಚು ವರ್ಷ ಆದ್ಮೇಲೆ ಹುಟ್ಟಿದ್ದು, ಅವನ ಕಾಲದ ದಾಖಲೆಲಿ ಇಲ್ಲ. ಆಕೆ ಮದುವೆ ರದ್ದತಿಗೆ ತಕ್ಷಣ ಒಪ್ಪಿದಳು, ರಾಜನ ತಂಗಿ ಅನ್ನಿಸ್ಕೊಂಡಳು, ರಿಚ್‌ಮಂಡ್ ಅರಮನೆ, ಹೀವರ್ ಕೋಟೆ ಎಲ್ಲ ಸಿಕ್ತು, 1557ರವರೆಗೆ ನೆಮ್ಮದಿಯಾಗಿದ್ದಳು, ಆರು ಜನರಲ್ಲಿ ಕೊನೆಗೆ ತೀರ್ಕೊಂಡವಳು ಈಕೆ. ಈ ಒಬ್ಬಳದೇ ಒಂದು ಒಳ್ಳೆ ಸಿನಿಮಾ ಯಾಕಿನ್ನೂ ಬಂದಿಲ್ಲ ಅಂತ.

ಜೇನ್ ಸೀಮೋರ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಆ್ಯನ್ ಸತ್ತ ಹನ್ನೊಂದನೇ ದಿನಕ್ಕೆ ಮದುವೆ, ಮುಂದಿನ ವರ್ಷ ಮಗ ಎಡ್ವರ್ಡ್, ಹನ್ನೆರಡು ದಿನದ ಬಾಣಂತಿ ತೀರ್ಕೊಂಡಳು. ತೆರೆಗೂ ಆಕೆ ಕೈಗೆ ಸಿಕ್ಕಿಲ್ಲ.

ಕೊನೆಯವಳು ಕ್ಯಾಥರೀನ್ ಪಾರ್. ‘ಬದುಕಿ ಉಳಿದವಳು’ ಅಂತ ಒಂದೇ ಮಾತಲ್ಲಿ ಮುಗಿಸ್ತಿದ್ರು, ಮುದುಕನ ಕಾಲಿಗೆ ಬ್ಯಾಂಡೇಜ್ ಕಟ್ಟೋ ನರ್ಸ್ ಥರ. ಆಕೆ ಬರಹಗಾರ್ತಿ, 1545ರಲ್ಲಿ ತನ್ನ ಹೆಸರಲ್ಲೇ ಪುಸ್ತಕ ಅಚ್ಚು ಹಾಕಿಸಿದ ಮೊದಲ ಇಂಗ್ಲಿಷ್ ರಾಣಿ. 1546ರಲ್ಲಿ ಆಕೆ ಧರ್ಮದ ವಿಷಯ ಗಂಡನ ಜೊತೆ ವಾದ ಮಾಡ್ತಾಳೆ ಅಂತ ವಿರೋಧಿಗಳು ಬಂಧನದ ಪತ್ರಕ್ಕೆ ಸಹಿ ಹಾಕಿಸಿಬಿಟ್ರು. ಆ ಪತ್ರ ಯಾರದೋ ಕೈಯಿಂದ ಬಿದ್ದು ಆಕೆಗೆ ಗೊತ್ತಾಯ್ತು ಅಂತ ಆ ಶತಮಾನದ ಚರಿತ್ರೆಕಾರ ಜಾನ್ ಫಾಕ್ಸ್ ಬರೀತಾನೆ. ಆಕೆ ರಾಜನ ಹತ್ರ ಹೋಗಿ, ನಿಮ್ಮ ಕಾಲು ನೋವು ಮರೆಸೋಕೆ, ನಿಮ್ಮಿಂದ ಕಲಿಯೋಕೆ ವಾದ ಮಾಡಿದ್ದು ಅಂದಳಂತೆ. ಮಾರನೇ ದಿನ ಮಂತ್ರಿ ನಲವತ್ತು ಜನ ಕಾವಲಿನವರ ಜೊತೆ ಹಿಡಿಯೋಕೆ ಬಂದ್ರೆ ಹೆನ್ರಿ ಅವನಿಗೇ ದಡ್ಡ, ಮೃಗ ಅಂತ ಬೈದು ಓಡಿಸಿದ. ಇಷ್ಟು ಒಳ್ಳೆ ಕಥೆ ಕೈಲಿದ್ದೂ, 2023ರ ಸಿನಿಮಾ ‘ಫೈರ್‌ಬ್ರ್ಯಾಂಡ್’ ಕೊನೆ ಭಾಗದಲ್ಲಿ ಇತಿಹಾಸನ ಪಕ್ಕಕ್ಕಿಟ್ಟು ಬೇರೆ ಏನೋ ಕಟ್ಟತ್ತೆ, ನೋಡದೇ ಇರೋರಿಗೋಸ್ಕರ ಏನು ಅಂತ ಹೇಳಲ್ಲ. ಆದ್ರೆ ಜೂಡ್ ಲಾ ಹೆನ್ರಿ ಮಾತ್ರ ನೋಡಲೇಬೇಕು, ಕೊಳೆತ ಹುಣ್ಣಿನ ವಾಸನೆಗೆ ಅಂತ ಸೆಂಟ್ ಮಾಡೋರ ಹತ್ರ ಗಬ್ಬು ನಾರೋ ಸೆಂಟ್ ಮಾಡಿಸಿ ಸೆಟ್ಟಲ್ಲಿ ಮೈಗೆ ಹಾಕ್ಕೋತಿದ್ನಂತೆ. ಪಾರ್ ಆಗಿರೋ ಅಲಿಸಿಯಾ ವಿಕಾಂಡರ್ ಮುಖದಲ್ಲಿ ಕಾಣೋ ಅಸಹ್ಯ ಎಲ್ಲಾನೂ ನಟನೆ ಅಲ್ಲ ಅಂತ ನನ್ನ ಅನುಮಾನ.

ಪ್ರಶ್ನೆ ಕೇಳೋ ಹೊತ್ತಲ್ಲಿ ಒಬ್ಬರು, ಇಷ್ಟರಲ್ಲಿ ಮೊದಲು ಯಾವುದು ನೋಡ್ಲಿ ಸಾರ್ ಅಂದ್ರು. ಬಿಬಿಸಿ 1970, ಮೊದಲ ಕಂತು. ಆಮೇಲೆ ಅದೇ ಸೀರೀಸಿನ ಆರನೆಯದ್ದು, ನಡುವಿಂದು ಆಮೇಲೆ ನೋಡಿದ್ರೂ ನಡೆಯತ್ತೆ, ಮೊದಲನೆಯದರ ಹುಡುಗ ಆರನೆಯದರಲ್ಲಿ ಏನಾಗಿದಾನೆ ನೋಡಿ ಸಾಕು. ‘ವುಲ್ಫ್ ಹಾಲ್’ ಲೈಟ್ ಆರಿಸ್ಕೊಂಡು ನೋಡಿ. ‘ಟ್ಯೂಡರ್ಸ್’ ನೋಡಬೇಡಿ ಅನ್ನಲ್ಲ, ಮೊದಲ ಎರಡು ಸೀಸನ್ ಆರಾಮಾಗಿ ನೋಡಿ, ಆದ್ರೆ ಅದ್ರಲ್ಲಿ ಹೆನ್ರಿಯ ಇಬ್ಬರು ಅಕ್ಕತಂಗೀರನ್ನ ಒಬ್ಬಳನ್ನಾಗಿ ಮಾಡಿ, ಪೋರ್ಚುಗಲ್‌ನ ಮುದುಕ ರಾಜನಿಗೆ ಕೊಟ್ಟು, ಆಕೆ ಕೈಲಿ ಅವನ್ನ ದಿಂಬಿಟ್ಟು ಸಾಯಿಸೋ ಸೀನ್ ಇದೆ. ನಿಜದಲ್ಲಿ ಒಬ್ಬಳು ಸ್ಕಾಟ್ಲೆಂಡಿಗೆ ಹೋದಳು, ಇನ್ನೊಬ್ಬಳು ಫ್ರಾನ್ಸಿಗೆ ಹೋದಳು, ದಿಂಬು ಯಾರೂ ಮುಟ್ಲಿಲ್ಲ. ಆ ಸೀನ್ ಬಂದಾಗ ಎದ್ದು ಕಾಫಿ ಮಾಡ್ಕೊಂಡು ಬನ್ನಿ.